ನಾಲ್ಕು ಸಾವಿರದ ಐವತ್ತೆರಡು ಬರಿ ಎಂದರೆ ಮಗು 400052 ಬರೆಯುವುದೇಕೆ?

ಓದುಗರ ಪ್ರಶ್ನೆ: ಮಗಳು ನಾಲ್ಕನೇ ತರಗತಿ. ‘4052ರಲ್ಲಿ 5ರ ಸ್ಥಾನಬೆಲೆ ಎಷ್ಟು?’ ಎಂದು ಕೇಳಿದರೆ 50 ಎಂದು ಥಟ್ಟನೆ ಹೇಳುತ್ತಾಳೆ. ಆದರೆ ‘ನಾಲ್ಕು ಸಾವಿರದ ಐವತ್ತೆರಡು ಬರಿ’ ಎಂದರೆ 400052 ಎಂದು ಬರೆದಿಡುತ್ತಾಳೆ. ಸ್ಥಾನಬೆಲೆ ಗೊತ್ತಿದ್ದೂ ಹೀಗೇಕೆ? ತಿದ್ದುವುದು ಹೇಗೆ?

ಉತ್ತರ: ಮೊದಲಿಗೆ, ಇದು ಅವಸರದ ತಪ್ಪಲ್ಲ. ಕೇಳಿಸಿಕೊಂಡದ್ದನ್ನು ಅವಳು ಚಾಚೂ ತಪ್ಪದೆ ಬರೆದಿದ್ದಾಳೆ. ‘ನಾಲ್ಕು ಸಾವಿರ’ ಎಂದಿರಿ, 4000 ಬರೆದಳು. ‘ಐವತ್ತೆರಡು’ ಎಂದಿರಿ, ಪಕ್ಕದಲ್ಲೇ 52 ಬರೆದಳು. ಎರಡು ತುಂಡುಗಳೂ ಸರಿಯಾಗಿವೆ, ಸೇರಿಸಿದ ರೀತಿ ಮಾತ್ರ ತಪ್ಪಿದೆ. ಇನ್ನು ಕೆಲವು ಮಕ್ಕಳು ಐವತ್ತನ್ನೂ ಎರಡನ್ನೂ ಬೇರೆಬೇರೆ ಮಾಡಿ 4000502 ಎಂದೂ ಬರೆಯುತ್ತಾರೆ. ಬೈದು, ಹತ್ತು ಸಲ ಬರೆಸಿದರೆ ಆ ಒಂದು ಸಂಖ್ಯೆ ಬಾಯಿಪಾಠವಾಗಬಹುದು. ನಾಳೆ ಆರು ಸಾವಿರದ ಏಳು ಕೊಟ್ಟರೆ ಮತ್ತೆ 60007 ಬರುತ್ತದೆ.

ನಾವು ಸಂಖ್ಯೆಯನ್ನು ಹೇಳುವ ಕ್ರಮವೇ ಬೇರೆ, ಬರೆಯುವ ಕ್ರಮವೇ ಬೇರೆ. ಹೇಳುವಾಗ ಪ್ರತಿ ಸ್ಥಾನಕ್ಕೂ ಒಂದು ಹೆಸರಿದೆ: ಸಾವಿರ, ನೂರು, ಹತ್ತು. ನೂರು ಇಲ್ಲದಿದ್ದರೆ ಅದರ ಸುದ್ದಿಯನ್ನೇ ಎತ್ತುವುದಿಲ್ಲ. ‘ನಾಲ್ಕು ಸಾವಿರದ ಸೊನ್ನೆ ನೂರ ಐವತ್ತೆರಡು’ ಎಂದು ಯಾರೂ ಹೇಳುವುದಿಲ್ಲ. ಬರೆಯುವಾಗ ಈ ಹೆಸರುಗಳೆಲ್ಲ ಬಿಟ್ಟುಹೋಗುತ್ತವೆ. 4 ಎಂಬ ಅಂಕಿ ತಾನು ಸಾವಿರದ್ದೋ ನೂರರದ್ದೋ ಎಂದು ಹೇಳಿಕೊಳ್ಳುವುದಿಲ್ಲ. ಬಲತುದಿಯಿಂದ ಎಣಿಸಿದರೆ ಅದು ಎಷ್ಟನೆಯ ಮನೆಯಲ್ಲಿದೆ ಎಂಬುದೊಂದೇ ಗುರುತು. ಹಾಗಾಗಿ ಬಾಯಲ್ಲಿ ಹೇಳದೆ ಬಿಟ್ಟ ನೂರಕ್ಕೂ ಕಾಗದದ ಮೇಲೆ ಒಂದು ಮನೆ ಬೇಕೇ ಬೇಕು. ಆ ಮನೆಯಲ್ಲಿ ಕೂರುವುದು ಸೊನ್ನೆ.

‘ಸೊನ್ನೆಯ ಸ್ಥಾನಬೆಲೆ ಸೊನ್ನೆ ತಾನೇ, ಬಿಟ್ಟರೇನು?’ ಎಂದು ಮಗು ಕೇಳಬಹುದು. ಕೇಳಿದರೆ ಸಂತೋಷಪಡಿ, ಒಳ್ಳೆಯ ಪ್ರಶ್ನೆ. ಬಿಟ್ಟು ಬರೆದು ತೋರಿಸಿ: 452. ಸೊನ್ನೆಯ ಬೆಲೆ ಏನೂ ಹೋಗಲಿಲ್ಲ, ಹೋದದ್ದು 4ರ ಬೆಲೆ. ನಾಲ್ಕು ಸಾವಿರವಾಗಿದ್ದದ್ದು ಒಂದು ಮನೆ ಬಲಕ್ಕೆ ಸರಿದು ನಾನೂರಾಯಿತು.

ಒಂದು ಸ್ಥಾನದಿಂದ ಮುಂದಿನ ಸ್ಥಾನ ಹತ್ತುಪಟ್ಟು ಎಂಬ ನಿಯಮವನ್ನು ಆರ್ಯಭಟ 499ರಲ್ಲೇ ಹೇಳಿದ್ದಾನೆ. ಗ್ವಾಲಿಯರಿನ ಚತುರ್ಭುಜ ದೇವಾಲಯದ 876ರ ಶಾಸನದಲ್ಲಿ ಹೂದೋಟದ ಅಳತೆ ಹೇಳುವಾಗ 270 ಎಂದು, ಸೊನ್ನೆ ಸಹಿತ, ಇವತ್ತಿನ ಕ್ರಮದಲ್ಲೇ ಕೆತ್ತಲಾಗಿದೆ. ನನಗೆ ಇನ್ನೂ ಹತ್ತಿರವಾದವನು ನಮ್ಮ ಮಹಾವೀರಾಚಾರ್ಯ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಈ ಜೈನ ಗಣಿತಜ್ಞ ಏಕ, ದಶ, ಶತದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರು ಕೊಟ್ಟ. ಅಷ್ಟು ದೊಡ್ಡ ಸಂಖ್ಯೆಯನ್ನು ಬಾಯಲ್ಲಿ ಹೇಳಲು 24 ಹೆಸರು ಬೇಕು, ಬರೆಯಲು ಮಾತ್ರ ಹತ್ತೇ ಅಂಕಿ ಸಾಕು. ಸ್ಥಾನಪದ್ಧತಿಯ ಅಷ್ಟೂ ಬಲ ಇರುವುದು ಇಲ್ಲೇ. ಮಗು ಎಡವುವುದೂ ಇಲ್ಲೇ.

ಈ ವ್ಯತ್ಯಾಸ ನಮ್ಮ ಕಾನೂನಿನಲ್ಲೂ ಕಾಣುತ್ತದೆ. ಚೆಕ್ಕಿನಲ್ಲಿ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಯುತ್ತೇವಲ್ಲ, ಎರಡೂ ಬೇರೆಯಾದರೆ ಅಕ್ಷರದಲ್ಲಿರುವ ಮೊತ್ತವೇ ಸರಿ ಎನ್ನುತ್ತದೆ 1881ರ ಕಾಯ್ದೆ. (ವ್ಯವಹಾರದಲ್ಲಿ ಬ್ಯಾಂಕಿನವರು ಅಂಥ ಚೆಕ್ಕನ್ನು ವಾಪಸು ಕಳಿಸುವುದೇ ಹೆಚ್ಚು.) ಅಂಕಿಯ ಬಾಲಕ್ಕೆ ಒಂದು ಸೊನ್ನೆ ಅಂಟಿಸಿದರೆ ಮೊತ್ತ ಹತ್ತುಪಟ್ಟಾಗುತ್ತದೆ. ‘ಸಾವಿರ’ ಎಂಬ ಪದವನ್ನು ಹಾಗೆ ಸುಲಭವಾಗಿ ‘ಹತ್ತು ಸಾವಿರ’ ಮಾಡಲಾಗುವುದಿಲ್ಲ.

ಇನ್ನು ನಿಮ್ಮ ಮಗಳು 5ರ ಸ್ಥಾನಬೆಲೆಯನ್ನು ಸರಿಯಾಗಿ ಹೇಳುವ ವಿಷಯ. ಅಲ್ಲಿ ಸಂಖ್ಯೆಯನ್ನು ಬೇರೆಯವರು ಮೊದಲೇ ಬರೆದುಕೊಟ್ಟಿರುತ್ತಾರೆ. ಬಲದಿಂದ ಬಿಡಿ, ಹತ್ತು, ನೂರು, ಸಾವಿರ ಎಂದು ಬೆರಳಿಟ್ಟು ಹೋದರೆ ಉತ್ತರ ಬಂದುಬಿಡುತ್ತದೆ. ಮನೆಗಳನ್ನು ತಾನೇ ಹಾಕಿಕೊಳ್ಳಬೇಕಾದಾಗ ತಿಳಿವಳಿಕೆಯ ನಿಜವಾದ ಪರೀಕ್ಷೆ. ಪರೀಕ್ಷೆಗಳಲ್ಲಿ ಮುಖಬೆಲೆ, ಸ್ಥಾನಬೆಲೆ ಎಂದು ಪದೇ ಪದೇ ಕೇಳುವುದರಿಂದ ಈ ಕೊರತೆ ಮುಚ್ಚಿಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮನೆಯಲ್ಲಿ ಹೇಳಿಕೊಡುವವರು ಸಾಮಾನ್ಯವಾಗಿ ನೂರರ, ಹತ್ತರ ನೋಟುಗಳನ್ನು ಹಿಡಿಯುತ್ತಾರೆ. ಹತ್ತು ಹತ್ತು ಸೇರಿದರೆ ನೂರು ಎಂಬುದು ಅದರಿಂದ ಚೆನ್ನಾಗಿ ತಿಳಿಯುತ್ತದೆ. ಆದರೆ ನೋಟಿನ ಬೆಲೆ ನೋಟಿನ ಮೇಲೇ ಅಚ್ಚಾಗಿದೆ. ಹೇಗೆ ಕಲಸಿಟ್ಟರೂ ಮೊತ್ತ ಬದಲಾಗದು. ಅಂಕಿಗಳನ್ನು ಕಲಸಿದರೆ ಸಂಖ್ಯೆಯೇ ಬೇರೆ. ಹಾಗಾಗಿ ನೋಟಿನ ಪಾಠ ಅರ್ಧ ಪಾಠ.

ಉಳಿದರ್ಧಕ್ಕೆ ಕಾಗದದ ಪಟ್ಟಿ ಸಾಕು. ಮಾಂಟೆಸರಿ ಶಾಲೆಗಳಲ್ಲಿ ಬಳಸುವ ಕ್ರಮ ಇದು. ಚೌಕದ ಪುಸ್ತಕದ ಹಾಳೆಯಿಂದ ನಾಲ್ಕು ಮನೆ ಉದ್ದದ ಪಟ್ಟಿ ಕತ್ತರಿಸಿ, ಒಂದೊಂದು ಮನೆಗೆ ಒಂದೊಂದು ಅಂಕಿಯಂತೆ 4000 ಬರೆಯಿರಿ. ಎರಡು ಮನೆಯ ಪಟ್ಟಿಯಲ್ಲಿ 50, ಒಂದು ಮನೆಯದರಲ್ಲಿ 2. ಈಗ ಮೂರನ್ನೂ ಪಕ್ಕಪಕ್ಕ ಇಡಿ: 4000502. ಮಕ್ಕಳು ಬರೆಯುವ ತಪ್ಪು ಹುಟ್ಟುವುದು ಹೀಗೆಯೇ ಎಂದು ಅವಳಿಗೇ ಕಾಣಲಿ. ಆಮೇಲೆ ಅವನ್ನೇ ಒಂದರ ಮೇಲೊಂದು, ಎಲ್ಲದರ ಬಲತುದಿ ಸೇರುವಂತೆ ಇಡಿಸಿ. ಕೊನೆಯ ಸೊನ್ನೆಯ ಮೇಲೆ 2 ಬಂತು, ಅದರ ಹಿಂದಿನ ಸೊನ್ನೆಯ ಮೇಲೆ 5. ನೂರರ ಮನೆಯ ಸೊನ್ನೆಯನ್ನು ಮುಚ್ಚಲು ಯಾರೂ ಬರಲಿಲ್ಲ, ಅದು ಹಾಗೇ ಉಳಿಯಿತು: 4052. 4000ದಲ್ಲಿ ಇರುವ ಸೊನ್ನೆಗಳು ಬರಬೇಕಾದವರಿಗೆ ಕಾದಿಟ್ಟ ಜಾಗಗಳು ಎಂಬುದು ಆಗ ಹೇಳಿಕೊಡದೆಯೂ ತಿಳಿಯುತ್ತದೆ.

ಪಟ್ಟಿ ಹಿಡಿದು 3007, 6040, 5600 ಮಾಡಿಸಿ. ಕೈ ಪಳಗಿದ ಮೇಲೆ ಪಟ್ಟಿ ಬಿಟ್ಟು, ಬಿ, ಹ, ನೂ, ಸಾ ಎಂಬ ನಾಲ್ಕು ಮನೆಗಳನ್ನು ಬಲದಿಂದ ಎಡಕ್ಕೆ ಗೆರೆ ಹಾಕಿ, ನೀವು ಹೇಳಿದ್ದನ್ನು ಅವಳು ತುಂಬಲಿ. ಖಾಲಿ ಮನೆಗೆ ಸೊನ್ನೆ. ಕೊನೆಗೆ ಮನೆಗಳನ್ನೂ ತೆಗೆದು ‘ಹತ್ತು ಸಾವಿರದ ಹತ್ತು’ ಬರೆಯಲು ಹೇಳಿ. 10,010 ಎಂದು ಬರೆದರೆ ವಿಷಯ ಹಿಡಿದಳು ಎಂದರ್ಥ. 1000010 ಎಂದರೆ ಇನ್ನೊಂದು ವಾರ ಪಟ್ಟಿಗೇ ಮರಳಿ, ಅವಸರವೇನಿಲ್ಲ.

ಜೊತೆಗೆ ಅಲ್ಪವಿರಾಮ ಹಾಕುವ ಅಭ್ಯಾಸವನ್ನೂ ಈಗಲೇ ಮಾಡಿಸಿ: ಬಲದಿಂದ ಮೊದಲು ಮೂರು ಅಂಕಿ, ಆಮೇಲೆ ಎರಡೆರಡು. ಅವಳ 400052ಕ್ಕೆ ಅವಳಿಂದಲೇ ಅಲ್ಪವಿರಾಮ ಹಾಕಿಸಿ, ಗಟ್ಟಿಯಾಗಿ ಓದಿಸಿ. 4,00,052. ನಾಲ್ಕು ಲಕ್ಷದ ಐವತ್ತೆರಡು ಎಂದು ತಾನೇ ಓದಿದ ಮಗು ರಬ್ಬರ್ ಹುಡುಕುತ್ತದೆ.