ಶೇಕಡಾ ಎಂದರೆ ಯಾವುದರ ಮೇಲೆ?

ಹವಾನಿಯಂತ್ರಕಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಂದು ಶೇ 28ರಿಂದ ಶೇ 18ಕ್ಕೆ ಇಳಿದ ಕೆಲವೇ ದಿನಗಳಲ್ಲಿ, ನಾನು ಲೆಕ್ಕಪತ್ರ ನೋಡಿಕೊಳ್ಳುವ ಅಂಗಡಿಯೊಂದರ ಮಾಲೀಕರು ಫೋನ್ ಮಾಡಿದರು. ತೆರಿಗೆ ಸೇರಿ 38,400 ರೂಪಾಯಿ ಇದ್ದ ಎಸಿಯನ್ನು ಅವರು 35,400ಕ್ಕೆ ಕೊಡಲು ಸಿದ್ಧರಿದ್ದರೂ, ಎದುರಿಗಿದ್ದ ಗಿರಾಕಿ ‘ಹತ್ತು ಪರ್ಸೆಂಟ್ ಇಳಿದಿದೆಯಲ್ಲ, 3,840 ಬಿಡಿ’ ಎಂದು ಪಟ್ಟು ಹಿಡಿದಿದ್ದರು. ತಮ್ಮ ಬಿಲ್ ಸರಿಯೆಂದು ಮಾಲೀಕರಿಗೆ ಗೊತ್ತಿತ್ತು. ಏಕೆ ಸರಿ ಎಂದು ವಿವರಿಸಲು ಬರುತ್ತಿರಲಿಲ್ಲ. ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಒಪ್ಪಿಸಿದ ಮೇಲೆ ಈ ಪೇಚಾಟ ಹೆಚ್ಚಾಗಿದೆ.

28 ಮತ್ತು 18 ಎರಡೂ ತೆರಿಗೆ ಸೇರುವ ಮೊದಲಿನ 30,000 ರೂಪಾಯಿಯ ಮೇಲೆ ಕಟ್ಟಿದ ಶೇಕಡಾಗಳು. 8,400 ಇದ್ದ ತೆರಿಗೆ 5,400 ಆಯಿತು, ಅಂದರೆ ಉಳಿದದ್ದು 3,000. ಈ ಮೊತ್ತ ಮೂಲಬೆಲೆಯ ಶೇ 10, ಗಿರಾಕಿ ಮೊದಲು ಕೊಡಬೇಕಿದ್ದ ಬೆಲೆಯ ಸುಮಾರು ಶೇ 7.8, ಹಳೆಯ ತೆರಿಗೆಯ ಸುಮಾರು ಶೇ 35.7. ಮೂರೂ ಸರಿಯಾದ ಉತ್ತರಗಳೇ. ಪ್ರಶ್ನೆಗಳು ಮಾತ್ರ ಬೇರೆ. ಇದೇ ತಪ್ಪು ತಿರುವುಮುರುವಾಗಿಯೂ ಬರುತ್ತದೆ. 35,400ರೊಳಗಿನ ತೆರಿಗೆಯನ್ನು ಬಿಡಿಸುವಾಗ ಹಲವರು ಅದರ ಶೇ 18 ತೆಗೆದು 6,372 ಎಂದು ಬರೆದುಬಿಡುತ್ತಾರೆ. 118ರಿಂದ ಭಾಗಿಸಿ 18ರಿಂದ ಗುಣಿಸಿದರೆ ಮಾತ್ರ 5,400 ಸಿಗುತ್ತದೆ.

ಲಾಭದ ವಿಷಯದಲ್ಲಿ ಈ ಎಡವಟ್ಟು ಕೈಕಚ್ಚುತ್ತದೆ. 80 ರೂಪಾಯಿಗೆ ತಂದ ವಸ್ತುವನ್ನು 100ಕ್ಕೆ ಮಾರುವವರು ‘ನನಗೆ ಶೇ 25 ಲಾಭ’ ಎನ್ನುತ್ತಾರೆ, ಅಸಲಿನ ಮೇಲೆ ಅದು ನಿಜವೂ ಹೌದು. ಆ ಧೈರ್ಯದ ಮೇಲೆ ಹಬ್ಬಕ್ಕೆ ಶೇ 25 ರಿಯಾಯಿತಿಯ ಬೋರ್ಡ್ ಹಾಕಿದರೆ, ರಿಯಾಯಿತಿ 100ರ ಮೇಲೆ ಕಡಿತವಾಗಿ ವಸ್ತು 75ಕ್ಕೆ ಹೋಗುತ್ತದೆ. ಪ್ರತಿಯೊಂದರ ಮೇಲೂ 5 ರೂಪಾಯಿ ನಷ್ಟ. ಅಸಲು ಹುಟ್ಟಬೇಕಾದರೆ ಶೇ 20ರ ಆಚೆ ಹೋಗುವಂತಿರಲಿಲ್ಲ.

ಸರಾಸರಿಯೂ ಇಂಥದ್ದೇ ಮೋಸ ಮಾಡಬಲ್ಲದು. ಸಿಹಿತಿಂಡಿ ಅಂಗಡಿಯವರೊಬ್ಬರು ಆಯುಧಪೂಜೆಯ ವಾರದ ವ್ಯಾಪಾರವನ್ನು ನನ್ನೆದುರು ಕೂಡಿಸಿದರು: 18, 20, 21, 22, 24, 25 ಸಾವಿರ, ಹಬ್ಬದ ಹಿಂದಿನ ದಿನ ಒಂದೂವರೆ ಲಕ್ಷ. ಒಟ್ಟು 2,80,000, ಏಳರಿಂದ ಭಾಗಿಸಿದರೆ ದಿನಕ್ಕೆ 40,000. ಮರುವಾರವೂ ಅದೇ ಅಂದಾಜಿನಲ್ಲಿ ಖೋವಾ ತರಿಸಲು ಹೊರಟಿದ್ದರು. ಆದರೆ ಏಳರಲ್ಲಿ ಆರು ದಿನ ವ್ಯಾಪಾರ 25,000 ದಾಟಿಯೇ ಇರಲಿಲ್ಲ. ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಮಧ್ಯಾಂಕ 22,000. ಬೇಗ ಹಳಸುವ ಸರಕನ್ನು ಅದಕ್ಕೆ ತಕ್ಕಂತೆ ತರಿಸುವುದು ವಿವೇಕ. ಹಾಗೆಂದು ಸರಾಸರಿಯನ್ನು ಬಿಸಾಡುವಂತಿಲ್ಲ: ಮಧ್ಯಾಂಕವನ್ನು ಏಳರಿಂದ ಗುಣಿಸಿದರೆ 1,54,000 ಮಾತ್ರ ಬರುತ್ತದೆ, ಗಲ್ಲಾಪೆಟ್ಟಿಗೆಗೆ ಬಂದದ್ದು 2,80,000. ಆ ವಾರದ ಸಂಬಳ, ಬಾಡಿಗೆ, ಸಾಲದ ಕಂತುಗಳನ್ನು ತೂಗಿಸುವಾಗ ನಾವಿಬ್ಬರೂ ಹಿಡಿದದ್ದು ಆ 40,000ವನ್ನೇ.