ಬಂಡವಾಳ ಹಿಂತೆಗೆತ: ಹೋದವರು ಬಿಟ್ಟುಹೋದದ್ದೇನು?

ಪತ್ರಿಕೆಯ ವಾಣಿಜ್ಯ ಪುಟದಲ್ಲಿ ‘ಬಂಡವಾಳ ಹಿಂತೆಗೆತ’ ಎಂದರೆ ಸರ್ಕಾರ ತನ್ನ ಉದ್ದಿಮೆಯ ಷೇರು ಮಾರುವುದು. ಈ ಪದಕ್ಕೆ ಇನ್ನೊಂದು ಅರ್ಥವೂ ಇದೆ. ಜನರನ್ನು ತುಳಿದು ಆಳುವ ದೇಶದಲ್ಲಿ ವ್ಯಾಪಾರ ಮಾಡಿಕೊಂಡಿದ್ದ ವಿದೇಶಿ ಕಂಪನಿ, ಆ ಆಡಳಿತಕ್ಕೆ ಇನ್ನು ಹೆಗಲು ಕೊಡಲಾರೆ ಎಂದು ಗಂಟುಮೂಟೆ ಕಟ್ಟುವುದು. ಈ ಅರ್ಥ ಲೋಕದ ಬಾಯಿಗೆ ಬಂದದ್ದು ಬಹುಮಟ್ಟಿಗೆ ವರ್ಣಭೇದದ ಕಾಲದ ದಕ್ಷಿಣ ಆಫ್ರಿಕಾದಿಂದ.

1970ರಲ್ಲಿ ಅಮೆರಿಕದ ಪೋಲರಾಯ್ಡ್ ಕಂಪನಿಯೊಳಗೆ ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್ ಎಂಬ ನೌಕರರ ಕಣ್ಣಿಗೆ ಗುರುತಿನ ಚೀಟಿಯ ಮಾದರಿಯೊಂದು ಬಿತ್ತು. ಅದರ ಮೇಲಿದ್ದದ್ದು ದಕ್ಷಿಣ ಆಫ್ರಿಕಾದ ಗಣಿ ಇಲಾಖೆಯ ಹೆಸರು. ಆ ದೇಶದಲ್ಲಿ ಹದಿನಾರು ದಾಟಿದ ಕಪ್ಪು ಜನರೆಲ್ಲ ಪಾಸ್‌ಬುಕ್ ಇಟ್ಟುಕೊಂಡೇ ಓಡಾಡಬೇಕಿತ್ತು. ಕೇಳಿದಾಗ ತೋರಿಸದಿದ್ದರೆ ಬಂಧನ. ಜನ ಅದನ್ನು ‘ಡೊಂಪಾಸ್’, ಅಂದರೆ ದಡ್ಡ ಪಾಸು, ಎಂದು ಹೀಯಾಳಿಸುತ್ತಿದ್ದರು. ಅದಕ್ಕೆ ಅಂಟಿಸುವ ಭಾವಚಿತ್ರವನ್ನು ನಿಮಿಷದಲ್ಲಿ ತೆಗೆದುಕೊಡುತ್ತಿದ್ದುದು ತಮ್ಮದೇ ಕಂಪನಿಯ ಕ್ಯಾಮೆರಾ ಎಂದು ತಿಳಿದ ಇಬ್ಬರೂ ಬಹಿಷ್ಕಾರಕ್ಕೆ ಕರೆ ಕೊಟ್ಟರು, ಕೆಲಸಕ್ಕೂ ಎರವಾದರು. ಸರ್ಕಾರಕ್ಕೆ ಮಾರುವುದಿಲ್ಲ ಎಂದು ಕಂಪನಿ ಮಾತು ಕೊಟ್ಟಿತು. ಅಲ್ಲಿನ ವಿತರಕರು ಗುಟ್ಟಾಗಿ ಮಾರುತ್ತಲೇ ಇದ್ದರು. ಗುಟ್ಟು ರಟ್ಟಾದ ಮೇಲೆ, 1977ರಲ್ಲಿ, ಪೋಲರಾಯ್ಡ್ ಅಲ್ಲಿಂದ ಕಾಲ್ತೆಗೆಯಿತು.

ಇದ್ದುಕೊಂಡೇ ತಿದ್ದೋಣ ಎನ್ನುವ ವಾದಕ್ಕೂ ಒಂದು ಹೆಸರಿದೆ: ‘ರಚನಾತ್ಮಕ ಒಡನಾಟ’. ಅಮೆರಿಕದ ರೇಗನ್ ಸರ್ಕಾರ ಇದನ್ನೇ ನೀತಿಯಾಗಿಸಿಕೊಂಡಿತ್ತು. ಈ ವಾದವನ್ನು ಪ್ರಾಮಾಣಿಕವಾಗಿ ಒರೆಗೆ ಹಚ್ಚಿದವರು ಪಾದ್ರಿ ಲಿಯಾನ್ ಸಲಿವನ್. ಜನರಲ್ ಮೋಟಾರ್ಸ್‌ನ ನಿರ್ದೇಶಕ ಮಂಡಳಿಯಲ್ಲಿದ್ದ ಅವರು 1977ರಲ್ಲಿ ಅಮೆರಿಕದ ಕಂಪನಿಗಳಿಗೆ ಆರು ಸೂತ್ರ ಕೊಟ್ಟರು. ಕಾರ್ಖಾನೆಯ ಊಟದ ಕೋಣೆ, ಶೌಚಾಲಯಗಳಲ್ಲಿ ಭೇದ ಕೂಡದು, ಸಮಾನ ಕೆಲಸಕ್ಕೆ ಸಮಾನ ಕೂಲಿ, ಹೀಗೆ. ಒಳ್ಳೆಯದೇ. ಆದರೆ ಒಟ್ಟಿಗೆ ಕೂತು ಉಂಡ ಕಾರ್ಮಿಕ ಗೇಟು ದಾಟಿದೊಡನೆ ಮತ್ತೆ ಪಾಸ್‌ಬುಕ್ ತಡಕಬೇಕಿತ್ತು, ಮತ ಹಾಕುವಂತಿರಲಿಲ್ಲ. ಹತ್ತು ವರ್ಷ ಕಾದ ಸಲಿವನ್ 1987ರಲ್ಲಿ ತಮ್ಮ ಸೂತ್ರಗಳನ್ನು ತಾವೇ ಕೈಬಿಟ್ಟು, ಕಂಪನಿಗಳೆಲ್ಲ ಹೊರಬರಲಿ ಎಂದರು. ಒಡನಾಟದ ಪರವಾಗಿ ಯಾರಾದರೂ ವಾದಿಸಿದಾಗಲೆಲ್ಲ ನನಗೆ ನೆನಪಾಗುವುದು ಈ ಮನುಷ್ಯ.

ಹಾಗೆಂದು ಹೊರಬಂದವರೆಲ್ಲ ಕೈತೊಳೆದುಕೊಂಡರು ಎನ್ನಲಾಗದು. ಜನರಲ್ ಮೋಟಾರ್ಸ್ 1986ರಲ್ಲಿ ಕಾರ್ಖಾನೆಯನ್ನು ಸ್ಥಳೀಯ ವ್ಯವಸ್ಥಾಪಕರಿಗೇ ಮಾರಿತು. ಪರವಾನಗಿಯ ಮೇಲೆ ಅದೇ ಕಾರುಗಳು ತಯಾರಾಗುತ್ತಲೇ ಇದ್ದವು. ಫಲಕ ಬದಲಾಯಿತು, ಅಷ್ಟೆ. ಕೊಡಕ್ ಮಾತ್ರ ಅಲ್ಲಿನ ವಹಿವಾಟಿನ ಜೊತೆಗೆ ಸರಕಿನ ಮಾರಾಟವನ್ನೂ ನಿಲ್ಲಿಸುವ ತೀರ್ಮಾನಕ್ಕೆ ಬಂತು. ಎರಡಕ್ಕೂ ‘ಹಿಂತೆಗೆತ’ ಎಂಬ ಒಂದೇ ಹೆಸರು!

ಈ ಪದದ ಪೊಳ್ಳು ಇನ್ನೂ ಢಾಳಾಗಿ ಕಂಡದ್ದು ಮ್ಯಾನ್ಮಾರ್‌ನಲ್ಲಿ. 2021ರ ಫೆಬ್ರವರಿಯಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ನಾರ್ವೆಯ ದೂರಸಂಪರ್ಕ ಕಂಪನಿ ಟೆಲಿನಾರ್ ಅಲ್ಲಿಂದ ಹೊರಡಲು ನಿರ್ಧರಿಸಿತು. ಕದ್ದಾಲಿಕೆಗೆ ನೆರವಾಗುವ ಒತ್ತಡವೂ ಅದಕ್ಕೆ ಕಾರಣ. ಆದರೆ ಮೊಬೈಲ್ ಕಂಪನಿ ಬಿಟ್ಟುಹೋಗುವುದು ಯಂತ್ರಗಳನ್ನಷ್ಟೇ ಅಲ್ಲ. ಯಾರು ಯಾರಿಗೆ, ಯಾವಾಗ ಕರೆ ಮಾಡಿದರು ಎಂಬ ದಾಖಲೆಯೂ ಅದರ ಆಸ್ತಿಯೇ. ಬಳಕೆದಾರರು ಹೆಚ್ಚುಕಡಿಮೆ 1.8 ಕೋಟಿ. ದಾಖಲೆ ಅಳಿಸಿದರೆ ಅಲ್ಲಿನ ಸಿಬ್ಬಂದಿಯ ಜೀವಕ್ಕೇ ಅಪಾಯ ಎಂಬುದು ಕಂಪನಿಯ ವಾದ. 2022ರ ಮಾರ್ಚ್‌ನಲ್ಲಿ ಸೇನಾ ಆಡಳಿತದ ಒಪ್ಪಿಗೆಯೊಂದಿಗೆ ವ್ಯವಹಾರ ಕೈಬದಲಾಯಿತು. ಆ ದಾಖಲೆಗಳೂ ಹೊಸ ಮಾಲೀಕರ ಪಾಲಾದವು.