ಓಶಾವಾ ಜನರಲ್ಸ್: ಸತತ ಏಳು ಸಲ ಗೆದ್ರೂ ಮೆಮೋರಿಯಲ್ ಕಪ್ ಮೂರೇ ಯಾಕೆ?

ಓಶಾವಾ ಜನರಲ್ಸ್ ಒಂದು ಜೂನಿಯರ್ ಐಸ್ ಹಾಕಿ ಟೀಮ್. ಹೆಸ್ರಿಂದ ಶುರು ಮಾಡ್ತೀನಿ. ಓಶಾವಾ ಅನ್ನೋದು ಕೆನಡಾದ ಒಂಟಾರಿಯೋದಲ್ಲಿರೋ ಕಾರ್ ಫ್ಯಾಕ್ಟರಿ ಊರು, 1937ರಲ್ಲಿ ಟೀಮ್ ಹುಟ್ಟಿದಾಗ ಸ್ಪಾನ್ಸರ್ ಆಗಿದ್ದು ಜನರಲ್ ಮೋಟರ್ಸ್, ಅದಕ್ಕೇ 'ಜನರಲ್ಸ್'. ಸೈನ್ಯದ ಜನರಲ್‌ಗೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಜೂನಿಯರ್ ಅಂದ್ರೆ ಹೆಚ್ಚುಕಮ್ಮಿ 16ರಿಂದ 20 ವಯಸ್ಸಿನ ಹುಡುಗ್ರು.

ಈಗ ನಾನು ಸಿಕ್ಕಾಕೊಂಡ ಜಾಗ. 1938ರಿಂದ 1944ರವರೆಗೆ ಸತತ ಏಳು ವರ್ಷ ಚಾಂಪಿಯನ್ಸ್ ಅಂತ ಒಂದು ಕಡೆ, ಆ ಕಾಲದಲ್ಲಿ ಗೆದ್ದಿದ್ದು ಮೂರೇ ಮೆಮೋರಿಯಲ್ ಕಪ್ ಅಂತ ಇನ್ನೊಂದು ಕಡೆ. ಯಾವ್ದೋ ಒಂದು ತಪ್ಪಿರ್ಬೇಕು ಅನ್ಕೊಂಡಿದ್ದೆ, ಎರಡೂ ಸರಿ! ಕಪ್ ಎರಡಿವೆ. ಒಂಟಾರಿಯೋ ಲೀಗ್ ಗೆದ್ರೆ ಸಿಗೋದು ಜೆ. ರಾಸ್ ರಾಬರ್ಟ್‌ಸನ್ ಕಪ್. ಆಮೇಲೆ ಬೇರೆ ಪ್ರಾಂತ್ಯಗಳಲ್ಲಿ ಗೆದ್ದು ಬಂದವರ ಜೊತೆ ಆಡಿ ಗೆಲ್ಬೇಕಾದ್ದು ಮೆಮೋರಿಯಲ್ ಕಪ್. ಸ್ಕೂಲ್ ಆಟದಲ್ಲಿ ತಾಲ್ಲೂಕು ಮಟ್ಟದಲ್ಲಿ ಗೆದ್ದು ಜಿಲ್ಲಾ ಮಟ್ಟಕ್ಕೆ ಹೋಗ್ತೀವಲ್ಲ, ಅಲ್ಲಿ ಸೋತ್ರೂ ತಾಲ್ಲೂಕಿನ ಕಪ್ ನಮ್ಮದೇ ತಾನೇ, ಹಾಗೇ ಇದು. ಏಳು ವರ್ಷದಲ್ಲಿ ಮೇಲಿನ ಕಪ್ ಸಿಕ್ಕಿದ್ದು 1939, 1940, 1944ರಲ್ಲಿ ಮಾತ್ರ, 1938ರ ಫೈನಲ್‌ನಲ್ಲಿ ಸೇಂಟ್ ಬಾನಿಫೇಸ್ ಸೀಲ್ಸ್ ಸೋಲಿಸಿತ್ತು. ಅರ್ಥ ಆಯ್ತಾ ನೋಡ್ಕೊಳ್ಳೋಕೆ 1987 ತಗೊಳ್ಳಿ: ಲೀಗ್ ಗೆದ್ರು, ಮೆಮೋರಿಯಲ್ ಕಪ್ ನಡೆದಿದ್ದೂ ಓಶಾವಾದಲ್ಲೇ, ಆದ್ರೂ ಫೈನಲ್‌ನಲ್ಲಿ ಮೆಡಿಸಿನ್ ಹ್ಯಾಟ್ ಟೈಗರ್ಸ್‌ಗೆ ಸೋತ್ರು. ಹಾಗಾಗಿ ಆ ವರ್ಷ ಮೊದಲ್ನೇ ಪಟ್ಟಿಯಲ್ಲಿ ಬರತ್ತೆ, ಎರಡನೇದ್ರಲ್ಲಿ ಬರಲ್ಲ. ಒಟ್ಟು ಲೆಕ್ಕ: ಲೀಗ್ ಕಪ್ 13, ಮೆಮೋರಿಯಲ್ ಕಪ್ 5.

1953ರಲ್ಲಿ ಟೀಮ್ ಆಡ್ತಿದ್ದ ಅರೀನಾ ಸುಟ್ಟುಹೋಯ್ತು, ಟೀಮೇ ನಿಂತುಹೋಯ್ತು. 1962ರಲ್ಲಿ ಮತ್ತೆ ಶುರುವಾದಾಗ ಬಂದವನು ಬಾಬಿ ಓರ್, ಮುಂದೆ ಐಸ್ ಹಾಕಿಯ ದಂತಕಥೆ ಆದವನು, ಆಗ ವಯಸ್ಸು ಬರೀ 14. ಆ ಮೊದಲ್ನೇ ಸೀಸನ್ ಪೂರ್ತಿ ತನ್ನ ಊರು ಪ್ಯಾರಿ ಸೌಂಡ್‌ನಲ್ಲಿ ಮನೇಲೇ ಇದ್ಕೊಂಡು, ಟೀಮ್ ಜೊತೆ ಪ್ರಾಕ್ಟೀಸ್ ಕೂಡ ಇಲ್ದೆ, ಗಂಟೆಗಟ್ಟಲೆ ಕಾರಲ್ಲಿ ಬಂದು ಮ್ಯಾಚ್ ಆಡಿ ವಾಪಸ್ ಹೋಗ್ತಿದ್ದ, ಎದುರಿಗೆ 19-20 ವಯಸ್ಸಿನವ್ರು. ಇದನ್ನ ಓದಿದಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಅವನ 2ನೇ ನಂಬರ್ ಜೆರ್ಸಿನ ಈಗ ಯಾರಿಗೂ ಕೊಡಲ್ಲ.

1944 ಆದ್ಮೇಲೆ ಮುಂದಿನ ಮೆಮೋರಿಯಲ್ ಕಪ್ ಬಂದಿದ್ದು 1990ರಲ್ಲಿ, 46 ವರ್ಷ ಕಾದು. ಮುಂದೆ ದೊಡ್ಡ ಸ್ಟಾರ್ ಆದ ಎರಿಕ್ ಲಿಂಡ್ರೋಸ್ ಇದ್ದ ಟೀಮ್ ಅದು, ಕಿಚನರ್ ರೇಂಜರ್ಸ್ ವಿರುದ್ಧ ಎರಡನೇ ಓವರ್‌ಟೈಮ್‌ವರೆಗೂ ಹೋಗಿ 4-3. ಐದನೇದು 2015ರಲ್ಲಿ, ಕೆಲೋನಾ ರಾಕೆಟ್ಸ್ ವಿರುದ್ಧ 2-1, ಇದೂ ಓವರ್‌ಟೈಮಲ್ಲೇ. ಎರಡೂ ಗೋಲ್ ಹೊಡೆದವನು ಆಂಥೊನಿ ಸಿರೆಲಿ, ಲೀಗ್‌ನ ಡ್ರಾಫ್ಟ್‌ನಲ್ಲಿ, ಅಂದ್ರೆ ಟೀಮ್‌ಗಳು ಸರದಿ ಪ್ರಕಾರ ಹೊಸ ಹುಡುಗ್ರನ್ನ ಆರಿಸಿಕೊಳ್ಳೋವಾಗ, ಯಾವ ಟೀಮೂ ಆರಿಸಿಕೊಳ್ಳದೇ ಬಿಟ್ಟಿದ್ದ ಹುಡುಗ.